ಕೌದಿಯ ಹೊಟ್ಟೆ

ಮೊದಲನೆಯ ದಿನ ಯಾರೂ ಒಲೆ ಹಚ್ಚಲಿಲ್ಲ.
ಬಂಡಿಹಟ್ಟಿಯ ಎರಡು ಕೋಣೆಯ ನಮ್ಮ ಮನೆಯಲ್ಲಿ
ಅರ್ಧ ಹೊಲಿದ ಕೌದಿ ಹಾಸಿಕೊಂಡೇ ಇತ್ತು,
ಒಂದು ತುದಿಗೆ ಅವ್ವ, ಇನ್ನೊಂದು ತುದಿಗೆ ಇವಳು,
ನಡುವೆ ನಾಲ್ಕು ಮೊಳ ಮಾತಿಲ್ಲದ ಬಟ್ಟೆ.
ಬಂಡಿಯ ಮಿರ್ಚಿ ಕಟ್ಟಿಸಿ ತಂದು ಹೇಗೋ ಬೆಳಗು ದಾಟಿಸಿದೆ.

ಕಾರಣ ದೊಡ್ಡದಲ್ಲ. ಅಥವಾ ದೊಡ್ಡದೇ.
ಟ್ರಂಕಿನ ತಳದ ಬದನೆಕಾಯಿ ಬಣ್ಣದ ಸೀರೆ,
ಮಡಿಕೆ ಮಡಿಕೆಗೂ ಸೀಳಿತ್ತು,
ಹಳೆಯದೆಂದು ಇವಳು ಕತ್ತರಿ ಆಡಿಸಿಬಿಟ್ಟಳು.
ಅವ್ವ ಮೊದಲ ಸಲ ಸಿನೆಮಾಕ್ಕೆ ಹೋದಾಗ ಉಟ್ಟದ್ದಂತೆ ಅದು.
ನಲವತ್ತು ವರ್ಷ ನಾವ್ಯಾರೂ ಕೇಳಿರದ ಸಂಗತಿ.
"ಕೇಳಿದ್ರ ನಾನ ಕೊಡ್ತಿದ್ದೆ" ಅಂದಳು,
ಆಮೇಲೆ ಬರೀ ಸೂಜಿಯ ಸದ್ದು.

ನಾನು ಜೀನ್ಸ್ ಕಾರ್ಖಾನೆಯ ಕಟಿಂಗ್ ಮಾಸ್ಟರ್,
ಅರವತ್ತು ಪದರ ಒಮ್ಮೆಗೇ ಕೊಯ್ಯುವ ಮಶೀನು ನನ್ನದು,
ಉಗುರಲ್ಲಿ ಸದಾ ನೀಲಿ.
ಸಂಜೆ ತರುವ ಚೂರು, ಜೇಬಿನ ಮೂಲೆ, ಸೊಂಟಪಟ್ಟಿಯ ಅಂಚು,
ಈ ಕೌದಿಗೆ ಅವೇ ಮೈ.
"ಇದು ಅರಿವಿ ಅಲ್ಲೋ ಗಾದಿಲಿಂಗ, ತಗಡು"
ಮೂರನೇ ಸೂಜಿ ಮುರಿದಾಗ ಅವ್ವ ಬೈದಿದ್ದಳು.
ಬೈದವಳೇ ದಾರಕ್ಕೆ ಮೇಣ ಸವರಿ
ಹೆಬ್ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕೂತಿದ್ದಳು.

ಎರಡನೆಯ ದಿನ ಅಡುಗೆಮನೆಗೆ ನಾನೇ ಹೋದೆ.
ವಗ್ಗಾಣಿಗೆ ಮಂಡಾಳು ನೆನೆಯಬೇಕು, ಎಷ್ಟು ಹೊತ್ತು?
ಅವ್ವನನ್ನು ಕೇಳಿದರೆ ಇವಳಿಗೆ ಸಿಟ್ಟು,
ಇವಳನ್ನು ಕೇಳಿದರೆ ಅವ್ವನಿಗೆ.
ಎಂಟು ವರ್ಷದ ಮಗಳನ್ನು ಕೇಳಿದೆ.
"ಜಳಕ ಅಲ್ಲಪ್ಪ, ಬರೇ ಮಕ ತೊಳ್ದಂಗ."
ಅಷ್ಟರಲ್ಲಿ ಅವು ಜಳಕ ಮುಗಿಸಿದ್ದವು.
ಹಿಂಡಿದೆ. ಅಂಗೈ ತುಂಬ ಮುದ್ದೆ.
ಈರುಳ್ಳಿ, ಹಸಿಮೆಣಸಿನಕಾಯಿ, ಅರಿಷಿಣ,
ಮೇಲೆ ಪುಠಾಣಿ ಪುಡಿ ಸುರಿದು ಮರ್ಯಾದೆ ಮುಚ್ಚಿದೆ.
ಇಬ್ಬರೂ ತಟ್ಟೆ ನೋಡುತ್ತ ತಿಂದರು,
ನೀರು ಕುಡಿದು ಸೂಜಿ ಹಿಡಿದರು.

ಸೂಜಿಗೆ ದಾರ ಏರಿಸುವುದು ಗಂಗೋತ್ರಿಯ ಕೆಲಸ.
ಶಾಲೆಗೆ ಹೊರಡುವ ಮುಂಚೆ ಏರಿಸಿ ದಿಂಬಿಗೆ ಚುಚ್ಚುತ್ತಾಳೆ,
ಕೆಂಪು ಅಜ್ಜಿಗೆ, ಬಿಳಿ ಅವಳವ್ವನಿಗೆ.
ಮೂರನೆಯ ದಿನ ಅದಲು ಬದಲಾಗಿತ್ತು.
ಮರೆತಳೋ, ಬೇಕಂತಲೋ,
ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಕೌದಿಯ ಹೊಲಿಗೆ ಅಂಚಿಗೆ ಶುರುವಾಗಿ
ಸುತ್ತಿ ಸುತ್ತಿ ಒಳಗೆ ಬರುತ್ತದೆ.
ಹೊಲಿದಷ್ಟೂ ಸರಿದು ಕೂರಬೇಕು, ಬೇರೆ ದಾರಿಯಿಲ್ಲ.
ಆ ಬೆಳಿಗ್ಗೆ ನಾನು ತಟ್ಟೆ ತಂದಾಗ
ಇಬ್ಬರ ಮೊಣಕಾಲ ನಡುವೆ ಒಂದು ಗೇಣು.

ಮಂಡಾಳು ಈ ಸಲ ಮಕವಷ್ಟೇ ತೊಳೆದಿದ್ದವು. ಹೆಮ್ಮೆಯಿಂದ ನಿಂತೆ.
ಮೊದಲ ತುತ್ತು.
"ಉಪ್ಪಿಲ್ಲ" ಅಂದಳು ಅವ್ವ,
"ಉಪ್ಪಿಲ್ಲ" ಅಂದಳು ಇವಳು, ಒಂದೇ ಉಸಿರಿಗೆ.
"ನಿನ್ನೆನೂ ಇರ್ಲಿಲ್ಲ."
"ಮತ್ತ್ಯಾಕ ಸುಮ್ನಿದ್ರಿ?"
"ನೀ ಹೇಳ್ತಿ ಅಂತ ಕಾದೆ, ಸುಂಕಿ."
ಉಪ್ಪಿನ ಡಬ್ಬಿ ಹಿಡಿದು ನಿಂತ ನನ್ನ ಕಡೆ
ಯಾರೂ ನೋಡಲಿಲ್ಲ.

ನಡುವೆ ಅಂಗೈಯಷ್ಟು ಜಾಗ ಬಿಟ್ಟಿದ್ದರು.
ಕೌದಿ ಹಸಿದಿರಬಾರದು, ಹೊದ್ದವರೂ ಹಸೀತಾರೆ,
ಅವ್ವನ ಶಾಸ್ತ್ರ ಅದು, ಹೋಳಿಗೆಯ ಚೂರು ಇಡುವುದು.
ಹೋಳಿಗೆ ಎಲ್ಲಿಂದ ಬರಬೇಕು?
ಚೀಲಕ್ಕೆ ಕೈಹಾಕಿ ಒಂದು ಹಿಡಿ ಒಣ ಮಂಡಾಳು ತುಂಬಿದಳು.
ಇವಳು ಮಾತಾಡದೆ ಎದ್ದು ಹೋಗಿ
ಬದನೆಕಾಯಿ ಬಣ್ಣದ ತುಂಡು ತಂದು ಮೇಲೆ ಹಾಸಿದಳು.
ಅವ್ವ ಅದನ್ನು ಸ್ವಲ್ಪ ಓರೆ ಮಾಡಿದಳು,
ಆಮೇಲೆ ಮತ್ತೆ ನೇರ.

ಚಳಿಗೆ ಈಗ ನಾಲ್ವರೂ ಅದರಡಿ,
ಎಮ್ಮೆಕರು ಮೈಮೇಲೆ ಮಲಗಿದಷ್ಟು ಭಾರ.
ಹೊರಳಿದರೆ ಎದೆ ಹತ್ತಿರ ಎಲ್ಲೋ ಕರಕರ.
"ಇರುವಿ ಬರ್ತಾವಪ್ಪ" ಮಗಳ ಚಿಂತೆ.
"ಬರ್ಲಿ ಬಿಡು" ಕತ್ತಲಲ್ಲಿ ಅವ್ವನ ದನಿ,
"ಒಂದು ತುತ್ತು ತಿಂದು ಹೋಗ್ತಾವ. ಉಪ್ಪಿಲ್ಲಲ್ಲ."